ಔಷಧದ ಅಳತೆ

ಕ್ಯಾನ್ಸರ್ ಎಂಬುದು ದೇಹದ ಜೀವಕೋಶಗಳು ಅಂಕೆಮೀರಿ ಬೆಳೆಯುವುದರಿಂದ ಉಂಟಾಗುವ ರೋಗ. ಎಡೆಬಿಡದೆ ವಿಭಜನೆಗೊಳ್ಳುವ ಕೋಶಗಳನ್ನು ಕೊಲ್ಲುವ ಔಷಧಗಳು ಹಲವುಂಟು. ಆದರೆ ಅವುಗಳಿಗೆ ಶತ್ರು ಮಿತ್ರರೆಂಬ ಭೇದವಿಲ್ಲ. ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಕೋಶಗಳೂ ಅವಕ್ಕೆ ಬಲಿಯಾಗುತ್ತವೆ. ಮಜ್ಜೆ ಬರಿದಾದರೆ ರೋಗಿಯು ಸೋಂಕಿಗೋ ರಕ್ತಸ್ರಾವಕ್ಕೋ ತುತ್ತಾಗುವನು. ಆದುದರಿಂದ ಇಂತಹ ಔಷಧಗಳ ಪ್ರಮಾಣಕ್ಕೆ ಮಜ್ಜೆಯೇ ಎಲ್ಲೆ.

ಈ ಎಲ್ಲೆಯನ್ನು ದಾಟಲು ವೈದ್ಯರು ಒಂದು ಉಪಾಯವನ್ನು ಕಂಡುಕೊಂಡರು. ಬಿತ್ತನೆಯ ಬೀಜವನ್ನು ರೈತನು ಮೊದಲೇ ತೆಗೆದಿರಿಸುವಂತೆ, ರೋಗಿಯ ರಕ್ತಮೂಲ ಕೋಶಗಳನ್ನು ಹೊರತೆಗೆದು ಅತಿ ಶೀತದಲ್ಲಿ ಕಾಪಾಡುವುದು. ಬಳಿಕ ಅಧಿಕ ಪ್ರಮಾಣದ ಔಷಧವನ್ನು ಕೊಡುವುದು. ಅನಂತರ ಆ ಕೋಶಗಳನ್ನು ರಕ್ತನಾಳದ ಮೂಲಕ ಹಿಂದಿರುಗಿಸುವುದು. ಅವು ಮಜ್ಜೆಯನ್ನು ಸೇರಿ, ಎರಡು ಮೂರು ವಾರಗಳಲ್ಲಿ ಹೊಸ ರಕ್ತಕಣಗಳನ್ನು ಹುಟ್ಟಿಸತೊಡಗುತ್ತವೆ.

ಮಜ್ಜೆಯಲ್ಲಿಯೇ ಬೆಳೆಯುವ ಮೈಲೋಮ ಎಂಬ ಕ್ಯಾನ್ಸರಿನಲ್ಲಿ ಈ ಉಪಾಯ ಫಲಿಸಿತು. ಫ್ರಾನ್ಸಿನ ವೈದ್ಯರು 200 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಸಾಮಾನ್ಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಅಧಿಕ ಪ್ರಮಾಣದ ಚಿಕಿತ್ಸೆಯನ್ನೂ ನೀಡಿದರು. ಎರಡನೆಯ ಗುಂಪಿನವರು ಹೆಚ್ಚು ಕಾಲ ಬದುಕಿದರೆಂಬುದು 1996ರಲ್ಲಿ ಪ್ರಕಟವಾಯಿತು.

ಸ್ತನದ ಕ್ಯಾನ್ಸರಿನ ಕಥೆ ಬೇರೆ. ಅದರಲ್ಲಿಯೂ ಹೆಚ್ಚು ಔಷಧದಿಂದ ಹೆಚ್ಚು ಗುಣ ದೊರೆಯುವುದೆಂದು 1990ರ ದಶಕದಲ್ಲಿ ಅಮೆರಿಕದ ಅನೇಕರು ನಂಬಿದರು. ಪರೀಕ್ಷೆ ಮುಗಿಯುವ ಮೊದಲೇ ಸಾವಿರಾರು ಮಹಿಳೆಯರು ಈ ಕಠಿಣ ಚಿಕಿತ್ಸೆಗೆ ಒಳಗಾದರು. ಚೀಟಿಯಲ್ಲಿ ಸಾಮಾನ್ಯ ಚಿಕಿತ್ಸೆ ಬಂದೀತೆಂಬ ಭಯದಿಂದ ಪರೀಕ್ಷೆಗೆ ಸೇರಲು ಹಲವರು ಹಿಂಜರಿದರು. ಹಣ ಕೊಡಲೊಪ್ಪದ ವಿಮಾ ಸಂಸ್ಥೆಗಳ ಮೇಲೆ ಮೊಕದ್ದಮೆಗಳು ನಡೆದವು. ಸಾವಿನೆದುರು ನಿಂತವರಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

ಕೊನೆಗೆ 1999ರಲ್ಲಿ ಪರೀಕ್ಷೆಗಳ ಫಲಿತಾಂಶಗಳು ಹೊರಬಂದವು. ರೋಗ ದೇಹದಲ್ಲೆಲ್ಲ ಹರಡಿದ್ದವರ ಮೇಲೆ ನಡೆದ ಅಮೆರಿಕದ ಪರೀಕ್ಷೆಯಲ್ಲಿ, ಮೂರು ವರ್ಷಗಳ ಅನಂತರ ಬದುಕಿದ್ದವರು ಅಧಿಕ ಪ್ರಮಾಣದ ಗುಂಪಿನಲ್ಲಿ ನೂರಕ್ಕೆ 32. ಸಾಮಾನ್ಯ ಗುಂಪಿನಲ್ಲಿ 38. ಈ ಅಂತರ ಆಕಸ್ಮಿಕವಾಗಿರಬಹುದು. ಆದರೆ ಅಧಿಕ ಔಷಧದಿಂದ ಆಯುಸ್ಸು ಹೆಚ್ಚಲಿಲ್ಲವೆಂಬುದು ಸ್ಪಷ್ಟವಾಯಿತು. ದಕ್ಷಿಣ ಆಫ್ರಿಕದ ವೈದ್ಯನೊಬ್ಬನು ಮಾತ್ರ ದೊಡ್ಡ ಲಾಭವಾಯಿತೆಂದು ಸಾರಿದ್ದನು. 2000ದಲ್ಲಿ ತಜ್ಞರು ಅಲ್ಲಿಗೇ ಹೋಗಿ ದಾಖಲೆಗಳನ್ನು ತೆರೆಸಿದಾಗ ಅವನ ವರದಿ ಸುಳ್ಳೆಂದು ತಿಳಿಯಿತು, ಅವನೂ ತಪ್ಪೊಪ್ಪಿಕೊಂಡನು.

ಒಂದೇ ಉಪಾಯ ಒಂದು ರೋಗದಲ್ಲಿ ವರವಾಯಿತು, ಇನ್ನೊಂದರಲ್ಲಿ ಬರಿಯ ಯಾತನೆಯಾಯಿತು. ಯಾವುದು ಎಂತಹುದೆಂದು ತಿಳಿಸಿದ್ದು ನಂಬಿಕೆಯಲ್ಲ, ಪರೀಕ್ಷೆ. ತಮಗೆ ಯಾವ ಚಿಕಿತ್ಸೆ ದೊರೆಯುವುದೆಂದು ಅರಿಯದೆಯೂ ಆ ಪರೀಕ್ಷೆಗೆ ಒಪ್ಪಿದ ರೋಗಿಗಳಿಗೆ ಅವರ ಬಳಿಕ ಬಂದವರೆಲ್ಲರೂ ಋಣಿಗಳು.