ಎಂಜಿನ್ ದೀಪ ಹತ್ತಿದರೆ ಮೊದಲು ವಾಯರ್ ನೋಡಿ

ಹೋದ ವರ್ಷ ತೊಗರಿ ರಾಶಿ ಆದ ಮೇಲೆ ನಮ್ಮ ಪಿಕಪ್ ಗಾಡಿ ಹದಿನೈದು ದಿನ ಕಣಿಕೆ ಬಣವಿ ಹತ್ತಿರ ನಿಂತಿತ್ತು. ಆಮೇಲೆ ತೊಗರಿ ಹೇರಿಕೊಂಡು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ ದಾಟುವಷ್ಟರಲ್ಲಿ ಹಳದಿ ಎಂಜಿನ್ ದೀಪ ಹತ್ತಿತು. ಗಾಡಿಗೆ ಎಳೆತವೇ ಇಲ್ಲ; ಸಣ್ಣ ಏರಿಗೂ ಎರಡನೇ ಗೇರು. ಒಂದು ಗ್ಯಾರೇಜಿನಲ್ಲಿ ಮಷೀನು ಹಚ್ಚಿ ನೋಡಿ, "ಗಾಳಿ ಸೆನ್ಸರ್ ಹೋಗೇತಿ ಕಾಕಾ, ಬದಲಿ ಮಾಡ್ಬೇಕು" ಅಂದರು. ಆರು ಸಾವಿರ ಕೊಟ್ಟು ಹಾಕಿಸಿದೆ. ಊರು ಮುಟ್ಟುವುದರೊಳಗೆ ದೀಪ ಮತ್ತೆ ಹತ್ತಿತು.

ಸಿಂದಗಿಯಲ್ಲಿ ಗಾಡಿ ಕೆಲಸ ಮಾಡುವ ನಮ್ಮ ಅಕ್ಕನ ಮಗ ಬಂದ. "ಮಾಮಾ, ಕೋಡ್ ಏನ್ ಬಂದಿತ್ತು?" ಅಂದ. ನಾನು ಕೇಳಿಯೇ ಇರಲಿಲ್ಲ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ಸಾಧನ ಸಿಕ್ಕಿಸಿ ಮೊಬೈಲಿನಲ್ಲಿ ಓದಿದ: ಪಿ 0102. ಸೆನ್ಸರಿಗೆ ಕೈ ಹಚ್ಚದೆ ಅದರ ವಾಯರ್ ಗುಂಟ ಬೆರಳಾಡಿಸಿದ. ಫಿಲ್ಟರ್ ಡಬ್ಬಿಯ ಹಿಂದೆ ಇಲಿ ಕಡಿದಿತ್ತು. ಒಂದೆರಡು ಎಳೆ ಮಾತ್ರ ಕೂಡಿದ್ದವು. ಗಾಡಿ ಅಲುಗಿದರೆ ಅವೂ ಬಿಡುತ್ತಿದ್ದವು. ಬೆಸುಗೆ ಹಾಕಿ ಟೇಪು ಸುತ್ತಿದ. ಇವತ್ತಿನವರೆಗೆ ದೀಪ ಹತ್ತಿಲ್ಲ.

ಕೋಡ್ ಓದುವುದು ಹೇಗೆ?

'ಪಿ' ಅಂದರೆ ಎಂಜಿನ್, ಗೇರ್ ಕಡೆಯ ದೋಷ. ಅದರ ಮುಂದೆ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ; 1 ಇದ್ದರೆ ಆಯಾ ಕಂಪನಿಯದು. ಗಾಳಿ ಸೆನ್ಸರಿನ ಮೂರು ಕೋಡ್ ನೋಡಿ:

ಪಿ 0101: ಲೆಕ್ಕ ಬರುತ್ತಿದೆ, ತಾಳೆ ಆಗುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಗಾಳಿ ಪೈಪು ಹರಿದಿರಬಹುದು.
ಪಿ 0102: ಸಂಕೇತ ತೀರ ಕಡಿಮೆ. ವಾಯರ್, ಪ್ಲಗ್ ನೋಡಬೇಕು.
ಪಿ 0103: ಸಂಕೇತ ತೀರ ಹೆಚ್ಚು. ಇಲ್ಲೂ ವಾಯರ್ ತಪಾಸಣೆಯೇ ಮೊದಲು.

ಮೂರಕ್ಕೂ ಮಷೀನು ಸೆನ್ಸರಿನ ಹೆಸರನ್ನೇ ತೋರಿಸುತ್ತದೆ. ತೊಗರಿ ಎಲೆ ಹಳದಿ ಆದರೆ ನೀರು ನಿಂತಿದೆಯೋ, ನೆಟೆ ರೋಗವೋ ಅಂತ ಗಿಡ ಕಿತ್ತು ಬೇರು ನೋಡುತ್ತೇವಲ್ಲ, ಇದೂ ಹಾಗೇ.

ನಾನು ಈಗ ಅನುಸರಿಸುವ ಕ್ರಮ

1. ಕೋಡ್ ಅಳಿಸುವ ಮೊದಲು ನಂಬರು ಬರೆದಿಟ್ಟುಕೊಳ್ಳುವುದು.
2. ಬ್ಯಾಟರಿ ತುದಿ ಸಡಿಲಾಗಿದೆಯೇ, ಕಿಲುಬು ಹಿಡಿದಿದೆಯೇ ನೋಡುವುದು. ಪಿ 0562 ಬಂದರೆ ಕರೆಂಟ್ ಕಡಿಮೆ ಎಂದರ್ಥ.
3. ಚಾವಿ ತೆಗೆದು ಪ್ಲಗ್, ವಾಯರ್ ತಪಾಸಣೆ. ಅನುಮಾನ ಇದ್ದರೆ ಬ್ಯಾಟರಿ ಬಿಚ್ಚಿ, ವಾಯರಿನ ಎರಡೂ ತುದಿಯ ಪ್ಲಗ್ ಕಿತ್ತು ಮೀಟರ್ ಹಚ್ಚುವುದು.
4. ಗಾಳಿ ಫಿಲ್ಟರ್. ನಮ್ಮ ಎರಿ ಹೊಲದ ಧೂಳಿಗೆ ಅದು ಬೇಗ ಕಟ್ಟುತ್ತದೆ.
5. ಪಿ 0087 ಬಂದರೆ ಡೀಸೆಲ್ ಒತ್ತಡ ಕಡಿಮೆ. ಫಿಲ್ಟರಿನ ನೀರು ಇಳಿಸಿ, ಕಟ್ಟಿದ್ದರೆ ಫಿಲ್ಟರ್ ಬದಲಿಸುವುದು.
6. ಕೋಡ್ ಅಳಿಸಿ ಇಪ್ಪತ್ತು ಕಿ.ಮೀ. ಓಡಿಸುವುದು. ಮತ್ತೆ ಅದೇ ಬಂದರೆ ಆಗ ಬಿಡಿಭಾಗದ ವಿಚಾರ.

ಎಚ್ಚರ

ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಓಡುತ್ತಿರುವಾಗಲೇ ನಳಿಕೆಯ ನಟ್ ಸಡಿಲಿಸಿ ನೋಡುವುದು ನಮಗೆಲ್ಲ ರೂಢಿ. ಕಂಪ್ಯೂಟರ್ ಇರುವ ಹೊಸ ಎಂಜಿನ್ನಿಗೆ ಹಾಗೆ ಮಾಡಲೇಬೇಡಿ. ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದು ಕಂಡರೂ ತಕ್ಷಣ ದವಾಖಾನೆಗೆ ಹೋಗಬೇಕು. ಹಾಗೆಯೇ ಕೆಂಪು ಆಯಿಲ್ ದೀಪ ಹತ್ತಿದರೆ ಕೋಡ್ ಓದುತ್ತ ಕೂಡಬೇಡಿ. ಅಲ್ಲೇ ಎಂಜಿನ್ ಬಂದ್ ಮಾಡಿ.

2020ರ ಏಪ್ರಿಲ್‌ನಿಂದ ಹೊಸ ಪಿಕಪ್ಪುಗಳಿಗೆ ಬಿಎಸ್-6 ನಿಯಮ, 2023ರ ಜನವರಿಯಿಂದ 50 ಎಚ್.ಪಿ. ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದಿವೆ. ಟ್ರ್ಯಾಕ್ಟರಿನ ಕೋಡ್ ಬರೆಯುವ ರೀತಿ ಬೇರೆ. ಅದರ ಪುಸ್ತಕ ನೋಡಬೇಕು. ಇಂಡಿಯ ನಿಂಬೆ ಬೆಳೆಗಾರರಿರಲಿ, ನಮ್ಮಂಥ ಒಣಬೇಸಾಯದವರಿರಲಿ, ಮಾಲು ಹೇರಿದ ಗಾಡಿ ದಾರಿಯಲ್ಲಿ ನಿಂತರೆ ಪೇಟೆಯ ದರ ಕಾಯುವುದಿಲ್ಲ. ಗ್ಯಾರೇಜಿಗೆ ಹೋದಾಗ "ಕೋಡ್ ಎಷ್ಟು? ವಾಯರ್ ನೋಡಿದಿರೇನು?" ಅಂತ ಎರಡು ಮಾತು ಕೇಳಿ. ನಾನು ಕೇಳಿದ್ದರೆ ಆರು ಸಾವಿರ ಉಳಿಯುತ್ತಿತ್ತು. ಈಗ ಗಾಡಿಯನ್ನು ಬಣವಿಯಿಂದ ದೂರವೇ ನಿಲ್ಲಿಸುತ್ತೇನೆ.