ಬೇಸ್ ಅಂದರೆ ಕೋನ್ ತಳ್ಳುವ ಗಾಳಿ

ಸಬ್‌ವೂಫರ್ ಬಾಡಿಗೆಗೆ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ, ‘ಎಷ್ಟು ವ್ಯಾಟ್ ಅಣ್ಣಾ?’ ಮದುವೆ, ಜಾತ್ರೆ, ಗಣೇಶನ ಮೆರವಣಿಗೆಗೆ ಸೌಂಡ್ ಹಾಕುತ್ತಾ, ಮಳೆಗಾಲದಲ್ಲಿ ಕೆಟ್ಟ ಸ್ಪೀಕರ್ ರಿಪೇರಿ ಮಾಡುತ್ತಾ ನಾನು ಕಲಿತದ್ದು ಬೇರೆಯೇ: ಕೋನ್ ಎಷ್ಟು ಗಾಳಿ ತಳ್ಳುತ್ತದೋ ಅಷ್ಟೇ ಬೇಸ್.

ಕೋನಿನ ವಿಸ್ತೀರ್ಣವನ್ನು ಅದು ಆಡುವ ದೂರದಿಂದ ಗುಣಿಸಿದರೆ ಆ ಗಾಳಿಯ ಲೆಕ್ಕ ಸಿಗುತ್ತದೆ. 18 ಇಂಚಿನದಕ್ಕೆ ಸುಮಾರು 1,200 ಚದರ ಸೆಂ.ಮೀ., 12 ಇಂಚಿನದಕ್ಕೆ ಸುಮಾರು 520. ದೊಡ್ಡದು 6 ಮಿ.ಮೀ. ಆಡಿ ಮುಗಿಸುವ ಕೆಲಸಕ್ಕೆ ಚಿಕ್ಕದು 14 ಮಿ.ಮೀ. ಆಡಬೇಕು.

ಸ್ವರ ಕೆಳಗಿಳಿದಷ್ಟೂ ಕೋನಿನ ಮೇಲೆ ಭಾರ ಹೆಚ್ಚು. ಮುಚ್ಚಿದ ಪೆಟ್ಟಿಗೆಯಲ್ಲಿ 80 ಹರ್ಟ್ಸ್‌ಗೆ 2 ಮಿ.ಮೀ. ಆಡುವ ಕೋನ್, 40 ಹರ್ಟ್ಸ್‌ನಲ್ಲೂ ಅಷ್ಟೇ ಸದ್ದು ಕೊಡಬೇಕಾದರೆ 8 ಮಿ.ಮೀ. ಆಡಬೇಕು. ಫ್ರೀಕ್ವೆನ್ಸಿ ಅರ್ಧವಾದರೆ ಆಟ ನಾಲ್ಕು ಪಟ್ಟು.

ರಿಪೇರಿಗೆ ಬಂದ ಸ್ಪೀಕರ್ ಬಿಚ್ಚಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ವಾಯ್ಸ್ ಕಾಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪವರ್ ಹೆಚ್ಚಾಗಿದೆ. ಕಾಯಿಲ್ ಸುಟ್ಟಿಲ್ಲ, ಆದರೆ ಅದನ್ನು ಸುತ್ತಿದ ಕೊಳವೆಯ ಅಂಚು ನಜ್ಜುಗುಜ್ಜಾಗಿದ್ದರೆ ಕೋನ್ ಮಿತಿ ಮೀರಿ ಆಡಿ, ಕಾಯಿಲ್ ಹಿಂದಿನ ತಗಡಿಗೆ ಬಡಿದಿದೆ. ಪೋರ್ಟ್, ಅಂದರೆ ಗಾಳಿಯಾಡುವ ಕಿಂಡಿ, ಇರುವ ಪೆಟ್ಟಿಗೆಗಳಲ್ಲಿ ಇದು ಜಾಸ್ತಿ. ಪೋರ್ಟ್ ಟ್ಯೂನ್ ಆದ ಫ್ರೀಕ್ವೆನ್ಸಿಯಲ್ಲಿ ಕೋನ್ ಹೆಚ್ಚು ಆಡುವುದಿಲ್ಲ, ಪೋರ್ಟೇ ಸದ್ದು ಕೊಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಕೋನಿಗೆ ಪೆಟ್ಟಿಗೆಯ ಗಾಳಿಯ ತಡೆ ತಪ್ಪುತ್ತದೆ, ಆಟ ಕೈಮೀರುತ್ತದೆ. ಆದ್ದರಿಂದ ಟ್ಯೂನಿಂಗ್‌ಗಿಂತ ತುಸು ಕೆಳಗೆ, ಇನ್ನೂ ತಗ್ಗಿನ ಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಹಾಕದೆ ನಾನು ಆಂಪ್ಲಿಫೈಯರ್ ಆನ್ ಮಾಡುವುದೇ ಇಲ್ಲ.

ಬೇಸ್ ಸಾಲದು ಎಂದು ಜನ ಕೇಳಿದಾಗ ವಾಲ್ಯೂಮ್ ಏರಿಸುವುದಕ್ಕಿಂತ ಇನ್ನೊಂದು ಪೆಟ್ಟಿಗೆ ಇಡುವುದು ಮೇಲು. ಒಂದೇ ಪೆಟ್ಟಿಗೆಗೆ ಎರಡು ಪಟ್ಟು ಪವರ್ ಕೊಟ್ಟರೆ ಸಿಗುವುದು 3 ಡೆಸಿಬೆಲ್, ಅದೂ ಕೋನ್ 1.4 ಪಟ್ಟು ಆಡಿದ ಮೇಲೆ. ಅಂಥದ್ದೇ ಇನ್ನೊಂದನ್ನು ಪಕ್ಕಕ್ಕೆ ಒತ್ತಿ ಇಟ್ಟು ಅದಕ್ಕೂ ಮೊದಲಿನಷ್ಟೇ ಪವರ್ ಕೊಟ್ಟರೆ 6 ಡೆಸಿಬೆಲ್ ಹತ್ತಿರ ಸಿಗುತ್ತದೆ, ಯಾವ ಕೋನಿಗೂ ಹೆಚ್ಚಿನ ಶ್ರಮವಿಲ್ಲ.

ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ದುಡ್ಡು ಕೊಡಬೇಡಿ. ಸ್ಪೀಕರಿನ ಡೇಟಾ ಶೀಟ್ ಕೇಳಿ, ಅದರಲ್ಲಿ ಎಸ್‌ಡಿ ಎಂದರೆ ವಿಸ್ತೀರ್ಣ, ಎಕ್ಸ್‌ಮ್ಯಾಕ್ಸ್ ಎಂದರೆ ಸದ್ದು ಕೆಡದಂತೆ ಆಡಬಲ್ಲ ದೂರ. ಎರಡನ್ನೂ ಗುಣಿಸಿ, ಆಮೇಲೆ ಬೆಲೆ ಮಾತಾಡಿ.