ವಸಂತದ ಅತಿಥಿಗಳು

ಅಮೆರಿಕದ ನ್ಯೂಯಾರ್ಕ್ ಮಹಾನಗರದ ನಡುವೆ 843 ಎಕರೆಗಳಷ್ಟು ವಿಸ್ತಾರವಾದ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನವಿದೆ. ಅದರ ಸುತ್ತಲೂ ಮುಗಿಲೆತ್ತರದ ಕಟ್ಟಡಗಳು. ಮೇ ತಿಂಗಳಿನಲ್ಲಿ ಓಕ್ ಮರಗಳು ಚಿಗುರಿ ನಿಂತಾಗ, ಮುಂಜಾವಿನಲ್ಲಿ ಹತ್ತಾರು ಜನರ ತಂಡಗಳು ಈ ಉದ್ಯಾನದ ದಟ್ಟ ಮರಗಳ ನಡುವೆ ಸದ್ದಿಲ್ಲದೆ ನಡೆಯುವುದನ್ನು ಕಾಣಬಹುದು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಟಿಪ್ಪಣಿ ಪುಸ್ತಕ. ಅವರು ಅರಸುವುದು ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳನ್ನು. ಇಂಪಾಗಿ ಉಲಿಯುವ ಹಕ್ಕಿ ಎಂಬುದೇ ಆ ಹೆಸರಿನ ಅರ್ಥ.

ವಾರ್ಬ್ಲರುಗಳಲ್ಲಿ ಹಲವು ಬಗೆಗಳು ಚಳಿಗಾಲವನ್ನು ದಕ್ಷಿಣದ ಬೆಚ್ಚನೆಯ ನಾಡುಗಳಲ್ಲಿ ಕಳೆದು, ಗೂಡು ಕಟ್ಟಲು ಉತ್ತರದ ಕಾಡುಗಳಿಗೆ ಮರಳುತ್ತವೆ. ಇರುಳೆಲ್ಲ ಹಾರಿ ಬಳಲಿದ ಅವುಗಳಿಗೆ ಬೆಳಗಾಗುತ್ತಲೇ ಈ ಉದ್ಯಾನವು ಹಸುರು ದ್ವೀಪದಂತೆ ಗೋಚರಿಸುತ್ತದೆ. ಚಿಗುರನ್ನು ಮೇಯುವ ಹುಳುಗಳೇ ಅವುಗಳಿಗೆ ಬುತ್ತಿ. ಬ್ಲ್ಯಾಕ್‌ಪೋಲ್ ಎಂಬ ವಾರ್ಬ್ಲರಿನ ತೂಕ ಸುಮಾರು 12 ಗ್ರಾಂ ಮಾತ್ರ. ಶರತ್ಕಾಲದಲ್ಲಿ ಅದು ಅಟ್ಲಾಂಟಿಕ್ ಸಾಗರದ ಮೇಲೆ ಎಲ್ಲಿಯೂ ಇಳಿಯದೆ ಎರಡು ಮೂರು ದಿನ ಹಾರಿ, 2,200 ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸುತ್ತದೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು.

ಇವನ್ನು ಕಾಣುವುದು ಸುಲಭವಲ್ಲ. ಮರದ ತುದಿಯಲ್ಲಿ ಎಲೆಯಿಂದೆಲೆಗೆ ನೆಗೆಯುವ ಹಕ್ಕಿಯನ್ನು ನೋಡಿ ನೋಡಿ ಕತ್ತು ನೋಯುತ್ತದೆ. ಆದುದರಿಂದ ವೀಕ್ಷಕರು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುತ್ತಾರೆ. ಬ್ಲ್ಯಾಕ್‌ಪೋಲಿನ ದನಿ ಬಹಳ ಕೀರಲು. ವಯಸ್ಸಾದ ಅನೇಕರಿಗೆ ಅದು ಕೇಳಿಸುವುದೇ ಇಲ್ಲ. ಆಗ ಕಿರಿಯರು ದನಿ ಬಂದ ದಿಕ್ಕನ್ನು ತೋರಿಸುತ್ತಾರೆ. ಹಿರಿಯರು ರೆಕ್ಕೆಯ ಪಟ್ಟೆ, ಕೆನ್ನೆಯ ಬಣ್ಣಗಳನ್ನು ಗಮನಿಸಿ ಹೆಸರನ್ನು ಹೇಳುತ್ತಾರೆ. ಒಬ್ಬರಿಗೆ ಅಸಾಧ್ಯವಾದುದು ಗುಂಪಿಗೆ ಸಾಧ್ಯವಾಗುತ್ತದೆ.

ಈ ಅತಿಥಿಗಳ ದಾರಿ ಈಗ ಸುಗಮವಾಗಿಲ್ಲ. ನಗರದ ದೀಪಗಳು ಅವುಗಳ ದಿಕ್ಕು ತಪ್ಪಿಸುತ್ತವೆ. ಗಾಜಿನಲ್ಲಿ ಪ್ರತಿಬಿಂಬಿಸಿದ ಮರವನ್ನು ನಿಜವೆಂದು ಭ್ರಮಿಸಿ ಹಾರಿದ ಹಕ್ಕಿಗಳು ಅದಕ್ಕೆ ಬಡಿದು ಸಾಯುತ್ತವೆ. ನೆಲೆಗಳೂ ನಾಶವಾಗುತ್ತಿವೆ. 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಎಲ್ಲ ಬಗೆಯ ಹಕ್ಕಿಗಳೂ ಸೇರಿ ಸುಮಾರು 290 ಕೋಟಿ ಕಡಿಮೆಯಾಗಿವೆಯೆಂದು 2019ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದರಲ್ಲಿ ವಾರ್ಬ್ಲರುಗಳ ಪಾಲು 60 ಕೋಟಿಗೂ ಹೆಚ್ಚು. ಈ ಲೆಕ್ಕಕ್ಕೆ ಮುಖ್ಯ ಆಧಾರಗಳಲ್ಲೊಂದು, ಸಾಮಾನ್ಯ ಪಕ್ಷಿಪ್ರಿಯರು ವರ್ಷವರ್ಷವೂ ತಪ್ಪದೆ ಬರೆದಿಟ್ಟ ಎಣಿಕೆ. ಅದೇ ವರ್ಷ ನ್ಯೂಯಾರ್ಕ್ ನಗರಸಭೆಯು ಹೊಸ ಕಟ್ಟಡಗಳ ಕೆಳ ಅಂತಸ್ತುಗಳಿಗೆ ಹಕ್ಕಿಗಳಿಗೆ ಗೋಚರಿಸುವಂತಹ ಗಾಜನ್ನು ಬಳಸಬೇಕೆಂದು ಶಾಸನ ಮಾಡಿತು.

ಮುಂಜಾವಿನ ನಡಿಗೆ ಕೇವಲ ವಿನೋದವಲ್ಲ. ಬರುವ ಹಕ್ಕಿಯನ್ನು ಗುರುತಿಸಬಲ್ಲವರು ಮಾತ್ರ ಅದು ಬಾರದೆ ಹೋದುದನ್ನೂ ಗುರುತಿಸಬಲ್ಲರು.